ಅರವತ್ತು ಮೀಟರಿನ ಗೆರೆ

ಶೈಲಜಾಳಿಗೆ ಕಲ್ಲಿನ ಹುಚ್ಚು ಎಂದು ಮೊದಲು ಕಂಡುಹಿಡಿದವರು ಅವಳ ತಾಯಿ ಸೂಗಮ್ಮ. ಮಾನ್ವಿಯಲ್ಲಿ ಅಕ್ಕಿ ಗಿರಣಿ ನಡೆಸುವ ಮನೆತನ ಅವರದು. ಅಕ್ಕಿಯಲ್ಲಿ ಕಲ್ಲು ಸಿಕ್ಕರೆ ಆರಿಸಿ ಎಸೆಯುವ ಮನೆಯಲ್ಲಿ ಹುಟ್ಟಿ, ಎಸೆದ ಕಲ್ಲನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು ನೋಡುವ ಮಗಳಿಗೆ ಅವರು ಬೇರೇನು ಹೆಸರು ಕೊಟ್ಟಾರು? ಓದು ಮುಗಿಸಿ, ಖನಿಜ ಹುಡುಕುವ ಇಲಾಖೆಯೊಂದರಲ್ಲಿ ಭೂವಿಜ್ಞಾನಿಯಾಗಿ ಸೇರಿದಾಗ ಆ ಹುಚ್ಚಿಗೆ ಸಂಬಳವೂ ಬರತೊಡಗಿತು. ಆಮೇಲೆ ಸೂಗಮ್ಮ ಸುಮ್ಮನಾದರು.

ಈಗ ಇಪ್ಪತ್ತೊಂಬತ್ತರ ಶೈಲಜಾ ದೇವದುರ್ಗದಲ್ಲಿ ಬಾಡಿಗೆ ಮನೆ ಹಿಡಿದು, ಸುತ್ತಲಿನ ಹೊಲಗದ್ದೆ, ಗುಡ್ಡ, ಹಳ್ಳಗಳನ್ನೆಲ್ಲ ಕಾಲಲ್ಲಿ ಅಳೆಯುತ್ತಿದ್ದಳು. ಹುಡುಕುತ್ತಿದ್ದದ್ದು ಲಿಥಿಯಂ. ಮೊಬೈಲಿನಿಂದ ಹಿಡಿದು ಕರೆಂಟಿನ ಕಾರಿನವರೆಗೆ ಎಲ್ಲ ಬ್ಯಾಟರಿಗೂ ಬೇಕಾದ ಆ ಖನಿಜ ನಮ್ಮ ನೆಲದಲ್ಲೇ ಸಿಕ್ಕರೆ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ ಎಂದು ದೇಶವೇ ಕಾಯುತ್ತಿರುವ ಕಾಲ ಇದು. ದೇಶ ಕಾದರೇನು, ಬಿಸಿಲಲ್ಲಿ ನಡೆಯುವವಳು ಶೈಲಜಾ. ಸುತ್ತಿಗೆ, ದಿಕ್ಸೂಚಿ, ಜಿಪಿಎಸ್, ಒಂದು ಬಾಟಲಿ ನೀರು, ಮತ್ತು ಜೀಪಿನ ಡ್ರೈವರ್ ಸಾಬಣ್ಣ, ಇಷ್ಟು ಅವಳ ದಂಡು.

ಭೂವಿಜ್ಞಾನದ ನಕ್ಷೆಯಲ್ಲಿ ಎರಡು ಬಗೆಯ ಗೆರೆಗಳಿರುತ್ತವೆ. ಕಣ್ಣಾರೆ ಕಂಡ ಬಂಡೆಗೆ ತುಂಡಿಲ್ಲದ ಗಟ್ಟಿ ಗೆರೆ. ಮಣ್ಣಿನ ಕೆಳಗೆ ಇದ್ದೀತು ಎಂಬ ಅಂದಾಜಿಗೆ ತುಂಡು ತುಂಡು ಗೆರೆ. ಗಟ್ಟಿ ಗೆರೆ ಎಳೆಯುವುದೆಂದರೆ ನ್ಯಾಯಾಲಯದಲ್ಲಿ ನಿಂತು ನಾನು ನೋಡಿದ್ದೇನೆ ಎಂದು ಪ್ರಮಾಣ ಮಾಡಿದಂತೆ. ರಾಯಚೂರು ಕಚೇರಿಯ ಹಿರಿಯ ಅಧಿಕಾರಿ ಮರಿಸ್ವಾಮಿಯವರು ಹೊಸಬರಿಗೆ ಕಲಿಸುವ ಮೊದಲ ಪಾಠ ಇದು: ಬಂಡೆಯ ತಲೆ ನೋಡಿ ನಂಬಬೇಡ, ಬುಡ ನೋಡು. ನೆಲದಲ್ಲಿ ಬೇರುಬಿಟ್ಟ ಬಂಡೆಯೋ, ಎಲ್ಲಿಂದಲೋ ಉರುಳಿ ಬಂದ ಕಲ್ಲೋ ಎಂದು ಖಾತ್ರಿ ಮಾಡಿಕೊಂಡ ಮೇಲಷ್ಟೇ ಪೆನ್ಸಿಲ್ ಮುಟ್ಟು.

ಶೈಲಜಾ ಆ ಪಾಠವನ್ನು ಬಾಯಿಪಾಠ ಮಾಡಿದ್ದಳು. ಬಾಯಿಪಾಠ ಮಾಡಿದ್ದನ್ನು ಮರೆಯಲು ಒಂದು ಸಂಜೆ ಸಾಕಾಯಿತು.

ನವೆಂಬರಿನ ಸಂಜೆ ಅದು. ದೇವದುರ್ಗದಿಂದ ಹನ್ನೊಂದು ಕಿಲೋಮೀಟರ್ ದೂರದ ಸುಣ್ಣದಾಳ ಎಂಬ ಊರಿನ ಎರೆಹೊಲ. ಎದೆಮಟ್ಟ ಬೆಳೆದ ಹತ್ತಿಯ ನಡುವೆ ಬದುವಿನ ಪಕ್ಕಕ್ಕೆ ಉದ್ದಕ್ಕೆ ಕಲ್ಲುಗಳು ತಲೆಯೆತ್ತಿ ನಿಂತಿದ್ದವು. ಕಪ್ಪು ಮಣ್ಣಿನಲ್ಲಿ ಮುಕ್ಕಾಲು ಹೂತ, ಬಿಳಿ ಮೈಯ, ನೇರಳೆ ಹೊಳಪಿನ ಕಲ್ಲುಗಳು. ಸುತ್ತಿಗೆಯಿಂದ ತಲೆ ಒಡೆದು ನೋಡಿದಳು. ನೇರಳೆ ಬಣ್ಣದ ಕಾಗೆಬಂಗಾರ! ಆ ಬಣ್ಣದ ಕಾಗೆಬಂಗಾರ ಇರುವಲ್ಲಿ ಲಿಥಿಯಂ ಇರುತ್ತದೆ. ಎರಡು ವರ್ಷ ನಡೆದು ನಡೆದು ಕಾಲು ಸವೆದರೂ ಕಣ್ಣಿಗೆ ಬೀಳದಿದ್ದದ್ದು ಇಲ್ಲಿ ಸಾಲಾಗಿ ನಿಂತಿತ್ತು. ಅಳೆದಳು, ಅರವತ್ತು ಮೀಟರ್. ದಿಕ್ಕು ನೋಡಿದಳು, ಗುಡ್ಡದ ಆಚೆ ಬದಿಯಲ್ಲಿ ಕಂಡ ಕಲ್ಲಿನ ಪಟ್ಟಿಗಳ ದಿಕ್ಕೇ. ನೆಲದೊಳಗಿನ ಪಟ್ಟಿಯೊಂದು ಇಲ್ಲಿ ಮೇಲೆದ್ದಿದೆ ಎನ್ನಲು ಇನ್ನೇನು ಬೇಕು? ಎರಡು ಕಲ್ಲನ್ನು ಒದ್ದಳು, ಮಿಸುಕಲಿಲ್ಲ. ಬುಡ ಅಗೆಯೋಣವೆಂದರೆ ಹತ್ತಿಯ ಬೇರು ಕಿತ್ತೀತು, ಹೊಲದ ಒಡೆಯ ಚನ್ನವೀರಪ್ಪ ಸಾಹುಕಾರರು ಬೆಳೆಗೆ ಕೈಹಚ್ಚಬಾರದೆಂದು ಮೊದಲೇ ಹೇಳಿದ್ದರು. ಹೊತ್ತೂ ಮುಳುಗುತ್ತಿತ್ತು. ಸಂತೋಷಕ್ಕೆ ಕೈ ನಿಲ್ಲಲಿಲ್ಲ. ಗಟ್ಟಿ ಗೆರೆ ಎಳೆದುಬಿಟ್ಟಳು.

ಪ್ರಯೋಗಾಲಯದ ವರದಿ ಬಂತು, ಲಿಥಿಯಂ ಚೆನ್ನಾಗಿಯೇ ಇತ್ತು. ಮರಿಸ್ವಾಮಿಯವರು ಆ ಗೆರೆಯನ್ನು ಬೆಂಗಳೂರಿನ ಸಮಿತಿಯ ಮುಂದಿಟ್ಟು ವಾದಿಸಿದರು. ಆ ವರ್ಷ ಜಿಲ್ಲೆಗೆ ಉಳಿದಿದ್ದದ್ದು ಒಂದೇ ಒಂದು ಕೊಳವೆ ಕೊರೆಯುವ ಅವಕಾಶ. ಅದು ಸುಣ್ಣದಾಳಕ್ಕೆ ಬಂತು. ಅಲ್ಲಿ ಕಲ್ಲು ಸಿಕ್ಕರೆ ಕೆಲಸ ಮುಂದುವರಿಯುತ್ತದೆ, ಸಿಗದಿದ್ದರೆ ದೇವದುರ್ಗದ ಕಡತ ಮುಚ್ಚುತ್ತದೆ. ಶೈಲಜಾಳ ನೌಕರಿ ಕಾಯಂ ಆಗಬೇಕಾದದ್ದೂ ಮಾರ್ಚಿನಲ್ಲೇ. ಎಲ್ಲವೂ ಆ ಅರವತ್ತು ಮೀಟರಿನ ಮೇಲೆ ನಿಂತಿತ್ತು.

ಜನವರಿಯ ಒಂದು ಮಂಗಳವಾರ, ಗುರುವಾರ ಬರಲಿರುವ ಯಂತ್ರಕ್ಕೆ ಜಾಗ ಗುರುತಿಸಲು ಶೈಲಜಾ ಸಾಬಣ್ಣನೊಂದಿಗೆ ಹೊಲಕ್ಕೆ ಬಂದಳು. ಹತ್ತಿ ಬಿಡಿಸಿ, ಕಡ್ಡಿ ಕಿತ್ತು ಹೊಲ ಬಯಲಾಗಿತ್ತು. ಸಾಲಿನ ದಕ್ಷಿಣದ ತುದಿಯಲ್ಲಿ ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ, ಕುಂಕುಮ ಇಟ್ಟು, ಸಜ್ಜೆಯ ತೆನೆ ಇಟ್ಟಿದ್ದರು. ಎಳ್ಳ ಅಮಾವಾಸ್ಯೆ ಕಳೆದು ಹೆಚ್ಚು ದಿನವಾಗಿರಲಿಲ್ಲ. ಹೊಲದಲ್ಲಿ ಐದು ಕಲ್ಲು ನಿಲ್ಲಿಸಿ ಪಾಂಡವರೆಂದು ಪೂಜಿಸಿ, ಎಡೆ ತೋರಿಸಿ, ಹೊಲಕ್ಕೆ ಅನ್ನದ ಚರಗ ಚೆಲ್ಲಿ, ಅಲ್ಲೇ ಉಣ್ಣುವ ಹಬ್ಬ ಅದು.

"ನೋಡ್ರಿ ಸಾಬಣ್ಣ, ನಮ್ಮ ಕಲ್ಲಿಗೆ ಊರವ್ರು ಪೂಜಿ ಮಾಡ್ಯಾರ," ಎಂದು ಶೈಲಜಾ ಬೀಗಿದಳು.

ಜಿಪಿಎಸ್ ತೆಗೆದು ತುದಿಯ ಜಾಗ ನೋಡಿದಳು. ನವೆಂಬರಿನಲ್ಲಿ ಗುರುತು ಹಾಕಿದ್ದ ತುದಿ ಇನ್ನೂ ಎರಡು ಹೆಜ್ಜೆ ಹಿಂದಿತ್ತು. ಪಟ್ಟಿ ಎರಡು ತಿಂಗಳಲ್ಲಿ ಬೆಳೆದಿದೆ! ಬಂಡೆ ಬೆಳೆಯಲು ಕೋಟಿ ವರ್ಷ ಬೇಕೆಂದು ಓದಿದವಳು ಅವಳು. ಆದರೂ ಆ ಕ್ಷಣ ಅವಳು ಸಂಶಯಪಟ್ಟದ್ದು ಜಿಪಿಎಸ್ಸಿನ ಮೇಲೆ, ತನ್ನ ಮೇಲಲ್ಲ. ಓದಿದವರ ಹಣೆಬರಹವೇ ಹಾಗೆ.

ಅಷ್ಟರಲ್ಲಿ ಬದುವಿನ ಮೇಲೆ ಒಬ್ಬ ಹೆಣ್ಣುಮಗಳು ಬೇಗ ಬೇಗ ನಡೆದು ಬಂದಳು. ಅರವತ್ತು ದಾಟಿದ ವಯಸ್ಸು, ಮೊಣಕಾಲಿನವರೆಗೆ ಕೆಸರು, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಕಾಲುವೆ ಬದಿಯ ಗದ್ದೆಯಲ್ಲಿ ಭತ್ತ ನಾಟಿ ಮಾಡುತ್ತಿದ್ದವಳು ಜೀಪು ಕಂಡು ಕೆಲಸ ಬಿಟ್ಟು ಬಂದಿದ್ದಳು. ಹೆಸರು ಹಣಮಮ್ಮ. ಚನ್ನವೀರಪ್ಪನವರ ಈ ಹೊಲವನ್ನು ಆಕೆಯ ಗಂಡ ಪಾಲಿಗೆ ಮಾಡುತ್ತಿದ್ದ, ಆತ ತೀರಿಕೊಂಡು ಮೂರು ವರ್ಷವಾಗಿ ಈಗ ಆಕೆ ಮತ್ತು ಮಗಳು ಸವಿತಾ ಮಾಡುತ್ತಿದ್ದರು.

"ಮೇಡಮ್ಮ, ಮಷೀನ್ ಇಲ್ಲೇ ನಿಂದರಸ್ತೀರಂತ, ಖರೇನ?"

"ಹೌದವ್ವಾ. ನಾಡದ ಬರ್ತದ. ಯಾಕ್ರಿ?"

"ಒಂದೀಟು ಆಕಡಿ ಸರಸ್ರಿ. ಪಾಂಡವ್ರ ಮ್ಯಾಲ ಬ್ಯಾಡ."

"ಸುಣ್ಣ ಹಚ್ಚಿದ ಐದು ಕಲ್ಲು ಮುಟ್ಟಂಗಿಲ್ಲವ್ವಾ. ಅವನ್ನ ಬಿಟ್ಟು ಈ ಕಡಿ ನಿಂದರಸ್ತೀವಿ."

"ಐದರ್ದಲ್ಲ ನಾ ಹೇಳಾಕತ್ತಿದ್ದು. ಎಲ್ಲಾವೂ ಪಾಂಡವ್ರೇ."

"ಎಲ್ಲಾವೂ ಅಂದ್ರ?"

"ಇಲ್ಲಿಂದ ಆ ಬನ್ನಿಗಿಡದ ಮಟ. ವರ್ಸಕ್ಕ ಐದು. ಪೂಜಿ ಮಾಡಿದ ಕಲ್ಲು ಕಿತ್ತು ಒಗೀಬಾರದು ಅಂತ ನಮ್ಮತ್ತಿ ಹೇಳಿದ್ಲು. ಹಳೇವು ಅಲ್ಲೇ ಇರ್ತಾವ, ಮುಂದಿನ ಎಳ್ಳಮಾಸಿಗೆ ಅದರ ಮಗ್ಗಲಾಗ ಹೊಸಾವು ಐದು. ನಾ ಈ ಮನಿಗೆ ಸೊಸಿಯಾಗಿ ನಡ್ಯಾಕ ಬಂದು ಮೂವತ್ತೆಂಟು ಎಳ್ಳಮಾಸಿ ಆದವು. ಬೇಕಾದ್ರ ಎಣಿಸ್ರಿ."

ಶೈಲಜಾ ಎಣಿಸಲಿಲ್ಲ. ಎಣಿಸುವ ಅಗತ್ಯವೇ ಇರಲಿಲ್ಲ. ನೂರಾ ಎಂಬತ್ತೈದು ಕಲ್ಲು ಎಂದು ನವೆಂಬರಿನಲ್ಲೇ ತನ್ನ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಮೂವತ್ತೇಳು ಐದಲಿ ನೂರಾ ಎಂಬತ್ತೈದು. ಈ ವರ್ಷದ್ದು ಸೇರಿ ನೂರಾ ತೊಂಬತ್ತು.

ಅವಳಿಗೆ ಪಾಂಡವರು ಗೊತ್ತಿಲ್ಲವೆಂದಲ್ಲ. ಕಲ್ಲೂರಿನ ಅಜ್ಜನ ಹೊಲದಲ್ಲಿ ಪ್ರತಿ ವರ್ಷ ಮುಷ್ಟಿ ಗಾತ್ರದ ಐದು ಕಲ್ಲಿಟ್ಟು ಪೂಜೆ ಮಾಡಿ, ಎಣ್ಣೆಗಾಯಿ, ಹೋಳಿಗೆ ಹೊಡೆದು ಬಂದವಳೇ ಅವಳು. ಐದಿದ್ದರೆ ಗುರುತು ಹಿಡಿಯುತ್ತಿದ್ದಳು. ನೂರಾ ಎಂಬತ್ತೈದು ನಿಂತರೆ, ಲೆಕ್ಕ ಕೌರವರನ್ನೂ ದಾಟಿಹೋದರೆ, ಪಾಪ, ಯಾರಿಗೆ ತಾನೇ ಹೊಳೆದೀತು?

"ಒಂದು ಕಿತ್ತು ನೋಡ್ಲೇನವ್ವಾ?" ಎಂದು ಕೇಳಿದಳು.

ಹಣಮಮ್ಮ ಅವಳ ಮುಖ ನೋಡಿದಳು. ಏನೋ ಕೆಟ್ಟದ್ದಾಗಿದೆ ಎಂದು ತಿಳಿಯಿತು, ಏನೆಂದು ತಿಳಿಯಲಿಲ್ಲ. ಹಳೆಯ ಕಲ್ಲೊಂದರ ಮುಂದೆ ಕುಕ್ಕರಗಾಲಲ್ಲಿ ಕೂತು ಅದನ್ನು ಮುಟ್ಟಿ ಗಲ್ಲ ಬಡಿದುಕೊಂಡಳು. "ಯಪ್ಪಾ ಧರ್ಮರಾಯ, ಸಿಟ್ಟಾಗಬ್ಯಾಡ. ಕಲ್ಲು ನೋಡೋ ಹುಡುಗಿ ಅದ, ನೋಡಿ ಹೊಳ್ಳಿ ಇಡ್ತದ," ಎಂದು ಅಪ್ಪಣೆ ಕೇಳಿ ಎದ್ದಳು. ಸಾಬಣ್ಣ ಹಾರೆ ಹಾಕಿ ಮೀಟಿದ. ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಕೂಡುವ ಎರೆಮಣ್ಣು ವರ್ಷ ವರ್ಷವೂ ಕಲ್ಲನ್ನು ಇಷ್ಟಿಷ್ಟೇ ನುಂಗಿ ಭದ್ರವಾಗಿ ಹಿಡಿದಿತ್ತು. ಕಲ್ಲು ಎದ್ದು ಬಂತು. ಕೆಳಗೆ ಬರೀ ಕಪ್ಪು ಮಣ್ಣು, ಬುಡವಿಲ್ಲ.

ಶೈಲಜಾ ಬದುವಿನ ಮೇಲೆ ಕೂತುಬಿಟ್ಟಳು. ಮೂವತ್ತೆಂಟು ವರ್ಷದ ಪಾಂಡವರನ್ನು ಅವಳು ಕೋಟಿ ವರ್ಷದ ಬಂಡೆಯೆಂದು ಸರ್ಕಾರಕ್ಕೆ ಬರೆದುಕೊಟ್ಟಿದ್ದಳು.

ಆ ಸಂಕಟದಲ್ಲೂ ಕಲ್ಲಿನ ಹುಚ್ಚು ತಲೆಯೆತ್ತಿತು. "ಅವ್ವಾ, ಈ ಕಲ್ಲು ಎಲ್ಲಿಂದ ತಂದ್ರಿ?"

"ಬಾವ್ಯಾಗಿನವು. ನಮ್ಮ ಸವಿತಾನ ಅಪ್ಪ ಸಾವ್ಕಾರ್ರಿಗೆ ಬಾವಿ ತೋಡಿದ. ಮೂವತ್ತಡಿ ಕೆಳಗ ಹಿಂತಾವು ಬಂದವು, ಬಿಸಲಾಗ ಹೊಳೆಯಾಕತ್ತಿದ್ದವು. ಪಾಂಡವ್ರು ಅರಸುಗಳು, ಅವ್ರಿಗೆ ಹಿಂತಾ ಕಲ್ಲೇ ಆಗಬೇಕು ಅಂತ ಗಾಡಿಗಟ್ಟಲೆ ತಂದು ಮನಿ ಹಿಂದ ಒಟ್ಟಿದ. ಇನ್ನೂ ಅದಾವ."

"ಆ ಬಾವಿ ಎಲ್ಲಿ ಅದ?"

"ಕಾಲುವಿ ಬಂತಲ್ಲ, ಮುಚ್ಚಿಬಿಟ್ರು. ಅಲ್ಲೆಲ್ಲಾ ಈಗ ನೆಲ್ಲು ಹಚ್ಚತೀವಿ." ಹಣಮಮ್ಮ ದೂರದ ಹಸಿರಿನ ಕಡೆ ಕೈ ತೋರಿಸಿದಳು. ಆ ಕೈಯಳತೆಯಲ್ಲಿ ಮೂವತ್ತು ಎಕರೆ ಗದ್ದೆ ಇತ್ತು.

ಕಲ್ಲನ್ನು ಮೊದಲಿನ ಗುಂಡಿಯಲ್ಲೇ ಇಟ್ಟು ಮಣ್ಣು ಮುಚ್ಚಿ, ಶೈಲಜಾ ರಾಯಚೂರಿನ ದಾರಿ ಹಿಡಿದಳು. ದಾರಿಯುದ್ದಕ್ಕೂ ಒಂದು ಯೋಚನೆ ಅವಳ ಪಕ್ಕದಲ್ಲೇ ಕೂತು ಬಂತು. ಸುಮ್ಮನಿದ್ದರೆ? ನೆಲದೊಳಗಿನ ಪಟ್ಟಿಗಳು ಕೆಳಗೆ ಹೋದಂತೆ ಸಣ್ಣಗಾಗಿ ಮಾಯವಾಗುವುದು ಹೊಸದೇನಲ್ಲ. ಯಂತ್ರ ಕೊರೆಯುತ್ತದೆ, ಏನೂ ಸಿಗುವುದಿಲ್ಲ, 'ಆಳದಲ್ಲಿ ಮುಂದುವರಿದಿಲ್ಲ' ಎಂದು ಒಂದು ಸಾಲು ಬರೆದರೆ ಮುಗಿಯಿತು. ಅವಳ ಕಡೆ ಬೆರಳು ತೋರಿಸುವವರು ಯಾರೂ ಇಲ್ಲ. ಮಾರ್ಚಿನಲ್ಲಿ ನೌಕರಿಯೂ ಕಾಯಂ. ಹೇಳಿದರೆ ಮಾತ್ರ ಸುಳ್ಳು ಗೆರೆ ಎಳೆದವಳು ಎಂಬ ಹೆಸರು ನಿವೃತ್ತಿಯವರೆಗೆ ಬೆನ್ನು ಬಿಡದು.

ಕಲ್ಮಲದಲ್ಲಿ ಸಾಬಣ್ಣ ಜೀಪು ನಿಲ್ಲಿಸಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಂದುಕೊಟ್ಟ. ಶೈಲಜಾಳಿಗೆ ತುತ್ತು ಇಳಿಯಲಿಲ್ಲ.

"ಆ ಯಮ್ಮ ಭಾಳ ಛಲೋ ಯಮ್ಮ ಬಿಡ್ರಿ ಮೇಡಂ," ಎಂದ ಸಾಬಣ್ಣ, ತನ್ನ ಪಾಡಿಗೆ ತಾನು ಮಿರ್ಚಿ ಕಡಿಯುತ್ತ. "ಯಾಕ ಬೇಕಿತ್ತು ಅಕಿಗೆ? ಅರ್ಧಾ ದಿನದ ಕೂಲಿ ಬಿಟ್ಟು ಓಡಿ ಬಂದು ಹೇಳಿದ್ಲು. ದೇವ್ರ ಕಲ್ಲು ಅಂತ ಬಂದ್ಲು, ಖರೆ. ಆದ್ರ ನಮ್ಮ ಮಷೀನೂ ಉಳೀತು."

ಶೈಲಜಾ ಕೈಯಲ್ಲಿದ್ದ ಕಾಗದದ ಪೊಟ್ಟಣ ಕೆಳಗಿಟ್ಟಳು. ಆ ಹೆಣ್ಣುಮಗಳು ಬಂದು ಹೇಳಿದ್ದನ್ನು ಕೇಳಿಯೂ ಕೇಳದಂತೆ ಯಂತ್ರ ಇಳಿಸಿದರೆ, ನಾಳೆ ಆ ಬದುವಿನ ಮೇಲೆ ಅವಳ ಎದುರು ಯಾವ ಮುಖ ಇಟ್ಟುಕೊಂಡು ನಿಲ್ಲುವುದು? "ನಡೀರಿ, ಸರ್ ಕಚೇರಿ ಬಿಡೋದ್ರಾಗ ಮುಟ್ಟಬೇಕು," ಎಂದಳು.

ಮರಿಸ್ವಾಮಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಪೂರ್ತಿ ಕೇಳಿದರು.

"ಬುಡ ನೋಡಿದ್ದಿಲ್ಲೇನು?"

"ಇಲ್ಲ ಸರ್."

"ನೋಡದ ಗಟ್ಟಿ ಗೆರಿ ಎಳದಿ."

"ಹೌದು ಸರ್."

"ಪಾಂಡವ್ರನ್ನ ಬೆಂಗಳೂರು ಕಮಿಟಿ ಮುಂದ ನಿಂದರಿಸಿ ಬಂದೀನಲ್ಲವಾ ನಾನು!" ದನಿ ಎಷ್ಟು ಏರಿತೆಂದರೆ ಪಕ್ಕದ ಕೋಣೆಯ ಟೈಪಿಂಗ್ ನಿಂತಿತು. ಆಮೇಲೆ ಹತ್ತು ನಿಮಿಷ ಅವರು ಏನೇನು ಅಂದರೆಂಬುದನ್ನು ಇಲ್ಲಿ ಬರೆಯುವುದು ಬೇಡ, ಎಲ್ಲವೂ ಅವಳಿಗೆ ಸಲ್ಲಬೇಕಾದ ಮಾತುಗಳೇ. ಕೊನೆಗೆ ಉಸಿರು ಬಿಟ್ಟು, ಕನ್ನಡಕ ಹಾಕಿಕೊಂಡರು. "ಆದದ್ದು ಆದಂಗ ಬರದು ಸಹಿ ಮಾಡು. ಅದು ಕಡತದಾಗ ಹೋಗ್ತದ, ನಾ ಮುಚ್ಚಿಡಂಗಿಲ್ಲ. ನೀ ಹೇಳದಿದ್ರ ನನಗ ತಿಳೀತಿದ್ದಿಲ್ಲ, ಅದನ್ನೂ ನಾ ಕೆಳಗ ಬರೀತೀನಿ. ಮಷೀನ್ ಶುಕ್ರವಾರ ಮುಂಜಾನಿ ತನ ಹಿಡದು ಇಡ್ತೀನಿ. ಅಷ್ಟ್ರಾಗ ಬಾವಿ ಸಿಗಬೇಕು. ಇಲ್ಲಂದ್ರ ಬ್ಯಾರೆ ಜಿಲ್ಲಾಕ್ಕ ಹೋಗ್ತದ, ದೇವದುರ್ಗ ಮುಗೀತು."

ಶೈಲಜಾ ಬರೆದು ಸಹಿ ಮಾಡಿದಳು. ಮೆಟ್ಟಿಲು ಇಳಿಯುವಾಗ ಹೊಟ್ಟೆ ಹಸಿಯುತ್ತಿತ್ತು.

ಬುಧವಾರ ಬೆಳಿಗ್ಗೆ ಹಣಮಮ್ಮ ಕೂಲಿ ಬಿಟ್ಟು ಅವಳೊಂದಿಗೆ ಹೊರಟಳು. ಬಾವಿ ಹುಡುಕುವುದು ಸುಲಭವೆಂದು ಇಬ್ಬರೂ ಅಂದುಕೊಂಡಿದ್ದರು. ಚನ್ನವೀರಪ್ಪನವರಿಗೆ ಫೋನ್ ಹಚ್ಚಿದರೆ, "ಬಾವಿನಾ? ನಮ್ಮಪ್ಪ ಮುಚ್ಚಿಸಿದ್ದು, ನಾ ಆಗ ರಾಯಚೂರಾಗ ಹಾಸ್ಟೆಲಿನ್ಯಾಗ ಇದ್ದೆ. ಬದುವಿನ ಮ್ಯಾಲ ಏನರೆ ಮಾಡ್ರಿ, ಗದ್ದಿ ಮಾತ್ರ ಕೆಡಸಬ್ಯಾಡ್ರಿ," ಎಂದರು. ಶೈಲಜಾಳ ಹಳೆಯ ನಕ್ಷೆಯಲ್ಲಿ ಆ ಬಾವಿ ಇರಲಿಲ್ಲ, ನಕ್ಷೆ ಮಾಡಿದ ಮೇಲೆ ತೋಡಿದ ಬಾವಿ ಅದು. ಉಪಗ್ರಹದ ಹಳೆಯ ಚಿತ್ರದಲ್ಲೂ ಇರಲಿಲ್ಲ, ಆ ಹೊತ್ತಿಗೆ ಮುಚ್ಚಿಯಾಗಿತ್ತು. ಹಣಮಮ್ಮನಿಗೆ ನೆನಪಿದ್ದ ಬೇವಿನ ಮರ ಕಡಿದುಹೋಗಿತ್ತು, ಕಾಲುದಾರಿ ಕಾಲುವೆಯ ಕೆಳಗೆ ಹೋಗಿತ್ತು. ಹಳೆಯ ಬದುಗಳನ್ನು ಕೆಡವಿ ಹೊಸ ಮಡಿಗಳನ್ನು ಕಟ್ಟಿದ್ದರು. ಇಲ್ಲೇ ಅನ್ನುವಳು, ನಾಲ್ಕು ಹೆಜ್ಜೆ ಹೋಗಿ ಇಲ್ಲಲ್ಲ, ಅಲ್ಲಿ ಅನ್ನುವಳು. ಸಂಜೆಯ ಹೊತ್ತಿಗೆ ಆಕೆಯ ದನಿಯೇ ಸಣ್ಣಗಾಗಿತ್ತು.

"ನಾ ಬುಟ್ಟಿ ಹೊತ್ತ ಬಾವಿ ಅದು. ಆತ ಕೆಳಗ ಅಗದು ತುಂಬತಿದ್ದ, ನಾ ಮ್ಯಾಲ ಹೊತ್ತು ಚೆಲ್ಲತಿದ್ದೆ. ಸವಿತಾ ಹೊಟ್ಯಾಗ ಇದ್ಲು. ಅದೇ ಸಿಗವಲ್ದು ಅಂದ್ರ ಹ್ಯಾಂಗವ್ವಾ?"

"ಸಿಗದಿದ್ರ ಹೋಗ್ಲಿ ಬಿಡ್ರೆವ್ವಾ," ಎಂದಳು ಶೈಲಜಾ. ಅವಳು ಅದನ್ನು ಮನಸ್ಸಿನಿಂದಲೇ ಹೇಳಿದ್ದಳು. ತನ್ನ ತಪ್ಪಿಗೆ ಈ ಮುದುಕಿ ಇಷ್ಟು ನೋಯುವುದನ್ನು ಅವಳಿಗೆ ನೋಡಲಾಗಲಿಲ್ಲ.

"ಹೋಗ್ಲಿ ಅನಬ್ಯಾಡ. ನಾಳಿ ಬಾ."

ಗುರುವಾರ ಬೆಳಿಗ್ಗೆ ಇಬ್ಬರೂ ಕಾಲುವೆಯ ಏರಿಯ ಮೇಲೆ ನಿಂತಾಗ ಕೆಳಗಿನ ಗದ್ದೆಯಲ್ಲಿ ಹನ್ನೆರಡು ಹೆಂಗಸರು ಸಾಲು ಹಿಡಿದು ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದರು. ಹಣಮಮ್ಮ ಸುಮ್ಮನೆ ಅವರನ್ನೇ ನೋಡುತ್ತ ನಿಂತಳು. ಎರಡು ದಿನದ ಹಿಂದೆ ತಾನೂ ಆ ಸಾಲಿನಲ್ಲಿ ಇದ್ದವಳು. ಸಾಲಿನ ನಡುವೆ ಒಂದು ಕಡೆ ಇಬ್ಬರು ಹೆಂಗಸರು ನಡುವಿನ ಒಂದಿಷ್ಟು ನೆಲ ತುಳಿಯದೆ ದೂರ ದೂರ ಕಾಲಿಡುತ್ತ, ಕೈ ಚಾಚಿ ಸಸಿ ಹಚ್ಚುತ್ತಿದ್ದರು. ಹಣಮಮ್ಮ ಒಮ್ಮೆಲೇ ಕೂಗಿದಳು.

"ಲೇ ಹುಲಗೆಮ್ಮ! ಹೋದ ವರ್ಸ ನಿನ್ನ ಕಾಲು ತೊಡಿ ಮಟ ಹೂತಿತ್ತಲ್ಲ, ಎಲ್ಲಿಬೇ ಅದು?"

ಸಾಲಿನಲ್ಲಿ ನಗು ಎದ್ದಿತು. ಹುಲಗೆಮ್ಮ ಎಂಬ ಗಟ್ಟಿಮುಟ್ಟಾದ ಹೆಂಗಸು ಸೊಂಟ ನೆಟ್ಟಗೆ ಮಾಡಿ, "ಇಲ್ಲೇ ನನ್ನ ಮುಂದ ಅದ ನೋಡು! ಎಳ್ಯಾಕ ನಾಕು ಮಂದಿ ಬೇಕಾದ್ರು, ಸೀರಿ ಹರೀತು. ಹೊಸಬ್ರು ಬಂದ್ರ ಇಲ್ಲೇ ಕಳಸ್ತೀವಿ," ಎಂದಳು. ಮತ್ತೆ ನಗು.

ಸುತ್ತಲಿನ ಗದ್ದೆಯಲ್ಲೆಲ್ಲ ಕಾಲಿಟ್ಟರೆ ಗೇಣುದ್ದದಲ್ಲಿ ಗಟ್ಟಿ ತಳ ಸಿಗುತ್ತದೆ. ಅದೊಂದು ಜಾಗದಲ್ಲಿ ಮಾತ್ರ ತಳವಿಲ್ಲ. ಆ ಗದ್ದೆಯಲ್ಲಿ ನಾಟಿ ಮಾಡುವ ಪ್ರತಿಯೊಬ್ಬ ಹೆಂಗಸಿಗೂ ಅದು ಗೊತ್ತು, ಇಪ್ಪತ್ತು ವರ್ಷದಿಂದ ಗೊತ್ತು. ಯಾಕೆ ಹಾಗೆ ಎಂದು ಯಾರೂ ಕೇಳಿಕೊಂಡಿರಲಿಲ್ಲ. ಅವರ ಕಾಲುಗಳು ಅಷ್ಟು ವರ್ಷ ತುಳಿದು ಮಾಡಿದ ನಕ್ಷೆ ಯಾವ ಕ್ಯಾಮೆರಾಕ್ಕೂ ಸಿಕ್ಕಿರಲಿಲ್ಲ.

ಶೈಲಜಾ ಬೂಟು ಬಿಚ್ಚಿ, ಪ್ಯಾಂಟು ಮಡಿಸಿ ಕೆಸರಿಗೆ ಇಳಿದಳು. ಹುಲಗೆಮ್ಮ ತೋರಿಸಿದಲ್ಲಿ ಕಾಲಿಟ್ಟಳು. ಮೊಣಕಾಲು ಹೋಯಿತು, ತೊಡೆ ಹೋಯಿತು, ಇನ್ನೂ ಇಳಿಯುತ್ತಲೇ ಇದ್ದಳು. "ಹಿಡೀರಿ, ಹಿಡೀರಿ, ಸರ್ಕಾರ ಮುಳಗಾಕತ್ತದ!" ಎಂದು ಹೆಂಗಸರು ನಗುತ್ತ ಬಂದು ಎರಡೂ ರಟ್ಟೆ ಹಿಡಿದರು. ನಡುಮಟ್ಟ ಕೆಸರಲ್ಲಿ ಸಿಕ್ಕಿಕೊಂಡು ಶೈಲಜಾಳೂ ನಕ್ಕಳು. ನಗುತ್ತ ನಗುತ್ತ ಅವಳಿಗೆ ಅಳು ಬಂತು. ಎರಡು ವರ್ಷದಲ್ಲಿ ಯಾವ ಬಂಡೆಯೂ ಅವಳಿಗೆ ಇಷ್ಟು ಸ್ಪಷ್ಟವಾಗಿ ಉತ್ತರ ಕೊಟ್ಟಿರಲಿಲ್ಲ.

ಸಾಬಣ್ಣ ಉದ್ದನೆಯ ಕಬ್ಬಿಣದ ಸರಳು ತಂದ. ಎರಡು ಮಾರು ಆಚೆ ಚುಚ್ಚಿದರೆ ನಾಲ್ಕು ಅಡಿಗೆ ಟಣ್ಣೆಂದು ನಿಂತಿತು. ಇಲ್ಲಿ ಹನ್ನೆರಡು ಅಡಿಯ ಸರಳು ಪೂರ್ತಿ ಇಳಿದರೂ ತಳ ಸಿಗಲಿಲ್ಲ. ಬದುವಿನ ಮೇಲೆ ಕೂತಿದ್ದ ಹಣಮಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, "ಹೂಂ, ಅದೇ. ಸಿಕ್ತು," ಎಂದಳು.

ಈ ಸಲ ಶೈಲಜಾ ನಕ್ಷೆಯಲ್ಲಿ ತುಂಡು ಗೆರೆ ಎಳೆದಳು, ತುಂಬ ಸಣ್ಣದು.

ಯಂತ್ರವನ್ನು ಬದುವಿನ ಮೇಲೆ ನಿಲ್ಲಿಸಿ, ಗದ್ದೆ ಮುಟ್ಟದಂತೆ ಓರೆಯಾಗಿ ಬಾವಿಯ ಕೆಳಕ್ಕೆ ಕೊರೆದರು. ಮೊದಲ ದಿನ ಬರೀ ಬೂದು ಕಲ್ಲು. ಎರಡನೆಯ ದಿನವೂ ಅದೇ. ಮರಿಸ್ವಾಮಿಯವರು ರಾಯಚೂರಿನಿಂದ ಬಂದು, ಕುರ್ಚಿ ಹಾಕಿಕೊಂಡು ಕೂತರು. ಮೂರನೆಯ ದಿನ ಮಧ್ಯಾಹ್ನ ಮೂವತ್ತನಾಲ್ಕು ಮೀಟರಿನಲ್ಲಿ ಕೊಳವೆಯಿಂದ ಹೊರಬಂದ ಕಲ್ಲಿನ ಕೋಲಿನ ಮೇಲೆ ನೀರು ಸುರಿದಾಗ ನೇರಳೆ ಬಣ್ಣ ಬಿಸಿಲಿಗೆ ಮಿಂಚಿತು. ಮುಂದಿನ ನಾಲ್ಕು ಮೀಟರ್ ಅದೇ ಬಣ್ಣ. ಮರಿಸ್ವಾಮಿಯವರು ಎದ್ದು ಬಂದು, ಬಗ್ಗಿ ನೋಡಿ, "ಇದರ ಬುಡ ಅದ," ಎಂದಷ್ಟೇ ಅಂದರು. ಅವರ ಬಾಯಿಂದ ಅದು ಹೊಗಳಿಕೆ.

ದೇವದುರ್ಗದ ಕಡತ ಮುಚ್ಚಲಿಲ್ಲ. ಶೈಲಜಾಳ ನೌಕರಿ ಮಾತ್ರ ಮಾರ್ಚಿನಲ್ಲಿ ಕಾಯಂ ಆಗಲಿಲ್ಲ, ಆರು ತಿಂಗಳು ಮುಂದಕ್ಕೆ ಹೋಯಿತು. ಕಡತದಲ್ಲಿ ಆ ಸಹಿ ಮಾಡಿದ ಹಾಳೆ ಇತ್ತಲ್ಲ. ಹೋಗಲಿ, ಆರು ತಿಂಗಳಿಗೆ ಯಾರೂ ಸತ್ತುಹೋಗುವುದಿಲ್ಲ.

ಶಿವರಾತ್ರಿ ಕಳೆದ ಮೇಲೊಂದು ದಿನ ಶೈಲಜಾ ಹೊಸ ನಕ್ಷೆಯನ್ನು ಸುತ್ತಿಕೊಂಡು ಸುಣ್ಣದಾಳಕ್ಕೆ ಹೋದಳು. ಹಣಮಮ್ಮನಿಗೆ ತೋರಿಸದೆ ಅದು ಮುಗಿದಂತಾಗುವುದಿಲ್ಲ ಎನ್ನಿಸಿತ್ತು. ಹಣಮಮ್ಮ ಅಂಗಳದ ಹೊರಸಿನ ಮೇಲಿದ್ದಳು, ಒಳಗೆ ಮಗಳು ಸವಿತಾ ರೊಟ್ಟಿ ಬಡಿಯುತ್ತಿದ್ದಳು. ಶೈಲಜಾ ಹೊರಸಿನ ಮೇಲೇ ಹಾಳೆ ಹಾಸಿದಳು.

"ಇದು ಊರು. ಇದು ಕಾಲುವಿ. ಇದು ನೀವು ಬುಟ್ಟಿ ಹೊತ್ತ ಬಾವಿ. ನೀವು ಹೇಳದಿದ್ರ ಇದು ನನಗ ಏಳು ಜನ್ಮಕ್ಕೂ ಸಿಗತಿದ್ದಿಲ್ಲವ್ವಾ. ಅದನ್ನ ಹೇಳಾಕೇ ಬಂದೀನಿ."

"ಅಲ್ಲಿ ಅಗೀತಾರೇನು ಇನ್ನ?"

"ಗೊತ್ತಿಲ್ಲ. ಇನ್ನೂ ಹತ್ತಾರು ಕಡಿ ಕೊರದು ನೋಡಬೇಕು. ಅಗಿಯೋದು ಬಂದ್ರ ಮೊದ್ಲ ಊರಾಗ ಕೂತು ಮಾತಾಡ್ತಾರ, ನಾನೂ ಬರ್ತೀನಿ."

ಹಣಮಮ್ಮ ತಲೆದೂಗಿ ಹಾಳೆಯ ಮೇಲೆ ಬಗ್ಗಿದಳು. "ಮತ್ತ ನಮ್ಮ ಪಾಂಡವ್ರು ಎಲ್ಲಿ?"

ಶೈಲಜಾಳ ಮುಖ ಕೆಂಪಾಯಿತು. ಎರಡು ತಿಂಗಳಿಂದ ಕಚೇರಿಯ ಆಚೆ ಯಾರ ಮುಂದೆಯೂ ಬಾಯಿಬಿಡಲು ನಾಚುತ್ತಿದ್ದ ಮಾತು. "ಇದರಾಗ ಇಲ್ಲವ್ವಾ. ಅವನ್ನ ನೆಲದಾಗಿನ ಬಂಡೆಗಲ್ಲು ಅಂತ ತಿಳದು ಹಳೇ ನಕ್ಷಿದಾಗ ಹಾಕಿಬಿಟ್ಟಿದ್ದೆ. ತಪ್ಪು ಮಾಡಿದ್ದೆ. ಅಳಿಸೀನಿ."

"ಹಾಕಿದ್ಯಾ? ನಮ್ಮ ಕಲ್ಲನ್ನ?"

ಶೈಲಜಾ ಚೀಲದಿಂದ ನವೆಂಬರಿನ ಹಾಳೆ ತೆಗೆದಳು. ಅಳಿಸಿದ ಮೇಲೂ ಗಟ್ಟಿ ಗೆರೆಯ ಗುರುತು ಕಾಗದದ ಮೇಲೆ ಉಳಿದಿತ್ತು. ಅರವತ್ತು ಮೀಟರ್ ಎಂದರೆ ಆ ಹಾಳೆಯ ಮೇಲೆ ಜೀರಿಗೆ ಕಾಳಿನಷ್ಟು ಉದ್ದ. ಹಣಮಮ್ಮ ಅದರ ಪಕ್ಕದಲ್ಲಿ ಬೆರಳಿಟ್ಟಳು, ಮೇಲೆ ಇಡಲಿಲ್ಲ.

"ಎಷ್ಟ ದಿನ ಇತ್ತು ಇಲ್ಲಿ?"

"ಎರಡು ತಿಂಗಳು. ರಾಯಚೂರಾಗ ನೋಡ್ಯಾರ, ಬೆಂಗಳೂರಾಗೂ ದೊಡ್ಡ ದೊಡ್ಡವ್ರು ಕೂತು ನೋಡ್ಯಾರ."

ಬೈಗುಳವೋ ನಗೆಯೋ ಬರಬಹುದೆಂದು ಶೈಲಜಾ ತಲೆ ತಗ್ಗಿಸಿದ್ದಳು. ಎರಡೂ ಬರಲಿಲ್ಲ. ತಲೆಯೆತ್ತಿ ನೋಡಿದರೆ ಹಣಮಮ್ಮನ ಮುಖವೆಲ್ಲ ಬೆಳಕಾಗಿತ್ತು. ಆಕೆಯ ಗಂಡ ಇನ್ನೊಬ್ಬರ ಬಾವಿ ತೋಡಿದ, ಇನ್ನೊಬ್ಬರ ಹೊಲ ಉತ್ತ. ಯಾವ ಪಹಣಿಯಲ್ಲೂ ಆತನ ಹೆಸರಿನಲ್ಲಿ ಒಂದು ಗುಂಟೆ ನೆಲ ಬರೆದಿರಲಿಲ್ಲ.

"ಸವಿತಾ, ಬಾರಬೇ ಇಲ್ಲಿ! ನಮ್ಮ ರಾಮಣ್ಣ ಇಟ್ಟ ಕಲ್ಲು ಸರ್ಕಾರದ ನಕ್ಷಿದಾಗ ಎರಡು ತಿಂಗಳು ಕುಂತಿದ್ದುವಂತ!"

ಒಳಗೆ ರೊಟ್ಟಿ ಬಡಿಯುವ ಸದ್ದು ನಿಂತಿತು. ಸವಿತಾ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. ಹುಟ್ಟಿದಾಗಿನಿಂದ ಇಂದಿನವರೆಗೆ ತಾಯಿಯ ಬಾಯಲ್ಲಿ ತಂದೆಯ ಹೆಸರು ಅವಳು ಕೇಳಿರಲಿಲ್ಲ. ರೇಷನ್ ಕಾರ್ಡಿನವರು ಕೇಳಿದರೂ ಹಣಮಮ್ಮ ಮಗಳನ್ನು ಮುಂದೆ ತಳ್ಳಿ ಹೇಳಿಸುತ್ತಿದ್ದಳು. ಗಂಡನ ಹೆಸರು ಹೇಳಬಾರದೆಂದು ನಂಬಿದ ಕಾಲದ ಹೆಣ್ಣು.

"ಯವ್ವಾ, ಅಪ್ಪನ ಹೆಸರು ಹೇಳಿದಿ!"

"ಹೇಳಿದೆ. ರಾಮಣ್ಣ. ಏನೀಗ?"

ಶೈಲಜಾಳ ಕಣ್ಣು ತುಂಬಿ ಬಂತು. ಆ ಗೆರೆ ಎಳೆದ ಕೈಗೆ ಇಷ್ಟು ದಿನ ಶಾಪ ಹಾಕುತ್ತಿದ್ದವಳು, ಈಗ ಆ ತಪ್ಪಿಗೂ, ಅದನ್ನು ಬಂದು ತಿದ್ದಿದ ಈ ತಾಯಿಗೂ ಮನಸ್ಸಿನಲ್ಲೇ ಕೈಮುಗಿದಳು. ಹಣಮಮ್ಮ ಹಳೆಯ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಅಂಗಳ ದಾಟಿದಳು. ಓಣಿಯ ಬಾಯಿಗೆ ನಿಂತು, ಹುಲಗೆಮ್ಮನ ಮನೆಯವರೆಗೂ ಕೇಳುವ ಹಾಗೆ, ಗಂಡನ ಹೆಸರನ್ನು ಮತ್ತೊಮ್ಮೆ ಕೂಗಿ ಹೇಳಿದಳು.